ಕೆಂಪು ಬಟನ್ನೂ ಮೇಷ್ಟ್ರ ಪಿಯಾನೋವೂ

ಕ್ಯಾಸೆಟ್ಟಿನಲ್ಲಿರುವ ಸಂಗೀತವನ್ನು ಮೊಬೈಲಿಗೆ ಇಳಿಸುವುದು ಏನು ಮಹಾ ಕೆಲಸ ಎಂದು ಮಾಲೂರಿನ ನಮ್ಮ ಸಂಗೀತ ಸಂಘದ ಸಭೆಯಲ್ಲಿ ಎದೆ ತಟ್ಟಿ ಹೇಳಿದೆ. ಅಷ್ಟು ಹೇಳಿ ಸುಮ್ಮನಿರಬಾರದಿತ್ತೇ? "ನನಗೆ ಬಿಡಿ" ಎಂದೂ ಹೇಳಿಬಿಟ್ಟೆ!

ನಂಗಲಿಯ ನಮ್ಮ ಮೇಷ್ಟ್ರಿಗೆ ಸಂಘದಿಂದ ಸನ್ಮಾನ. ಅವರು ರಾಗ ಹಾಕಿದ ನಾಟಕದ ಹಾಡುಗಳು ಈ ಕಡೆ ಎಲ್ಲರಿಗೂ ಬಾಯಿಪಾಠ. ಆದರೆ ಹರೆಯದಲ್ಲಿ, ಚಿನ್ನದ ಗಣಿಯ ಬಂಗಲೆಯೊಂದರಲ್ಲಿದ್ದ ಪಿಯಾನೋ ಮೇಲೆ ಅವರು ಕಟ್ಟಿದ್ದ ಮೂರು ರಚನೆಗಳನ್ನು ಕೇಳಿದವರೇ ಇಲ್ಲ. ಅವನ್ನು ಅವರೇ ನುಡಿಸಿದ್ದ ಒಂದೇ ಒಂದು ಕ್ಯಾಸೆಟ್ ಉಳಿದಿತ್ತು. ಈಗ ಮೇಷ್ಟ್ರ ಬೆರಳು ಮಡಚುವುದಿಲ್ಲ, ಬರೆದಿಟ್ಟ ಸ್ವರಗಳೂ ಇಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಅನ್ನುತ್ತೇವೆ. ಸೀರೆಗಳ ನಡುವೆ ಕಾಪಾಡಿಕೊಂಡಿದ್ದ ಆ ಕ್ಯಾಸೆಟ್ಟನ್ನು ಅವರು ಹಳೇ ಟೇಪ್ ರೆಕಾರ್ಡರಿನ ಸಮೇತ ನನ್ನ ಕೈಗಿತ್ತರು.

ಮನೆಗೆ ಬಂದು ಟೇಪ್ ರೆಕಾರ್ಡರಿಗೂ ಹೆಂಡತಿಯ ಮೊಬೈಲಿಗೂ ವೈರ್ ಸಿಕ್ಕಿಸಿದೆ. ಆಗ ಕಂಡಿತು, ಟೇಪ್ ರೆಕಾರ್ಡರಿನ ಕೆಂಪು ಬಟನ್. ರೆಕಾರ್ಡ್! ನಾನು ಮಾಡಬೇಕಾದದ್ದೂ ರೆಕಾರ್ಡೇ ಅಲ್ಲವೇ? ಆದರೂ ಜವಾಬ್ದಾರಿಯುತ ಮನುಷ್ಯನಾದ್ದರಿಂದ ನನ್ನ ಫೋನಿನಿಂದ ಅಮ್ಮನನ್ನೇ ವಿಚಾರಿಸಿದೆ.

"ಅಮ್ಮಾ, ಕೆಂಪು ಬಟನ್ ಒತ್ತಲಾ?"

ಅವರ ಮನೆ ಹೈವೇ ಪಕ್ಕ. ಲಾರಿಗಳ ಹಾರನ್ನಿನ ನಡುವೆ ಉತ್ತರ ಬಂತು. "ಒತ್ತು ನಾಯನಾ, ಒತ್ತು!"

"ಒತ್ತೇಬಿಡ್ಲಾ?"

"ಒತ್ತು! ಒತ್ತು!" ಎಂದು ಕೂಗಿಯೇ ಬಿಟ್ಟರು.

ವಯಸ್ಸಾದವರನ್ನು ಎಷ್ಟು ಸಲ ಕೂಗಿಸುವುದು? ಒತ್ತಿದೆ. ಪಕ್ಕದಲ್ಲೇ ಚಾಪೆ ಹಾಸಿ ಕಾವಲು ಮಲಗಿದೆ.

ಹೆಂಡತಿ ಬಂದು ಎಬ್ಬಿಸಿದಳು. "ಏನ್ರೀ, ಟೇಪ್ ಮುಗೀತಾ ಬಂತು, ಸದ್ದೇ ಇಲ್ವಲ್ಲ?"

"ಒಳಗೊಳಗೇ ಕಾಪಿ ಆಗ್ತಿದೆ ಕಣೇ. ಅಮ್ಮನೇ ಒತ್ತು ಒತ್ತು ಅಂದ್ರು."

ನನ್ನವಳು ಆಂಧ್ರದ ಗಡಿಯ ಮುಳಬಾಗಿಲು ಕಡೆಯವಳು. ತಲೆ ಮೇಲೆ ಕೈ ಹೊತ್ತಳು. "ಅಯ್ಯೋ, ಅವರ ಮನೆ ಮಾತು ತೆಲುಗು ಕಣ್ರೀ! ಒತ್ತು ಅಲ್ಲ, ಒದ್ದು ಅಂದಿರ್ತಾರೆ. ಒದ್ದು ಅಂದ್ರೆ ಬೇಡ ಅಂತ!"

ಕನ್ನಡದಲ್ಲಿ ಒದ್ದು ಅಂದರೇನೆಂದು ನಿಮಗೆ ಗೊತ್ತೇ ಇದೆ. ಆ ಕ್ಷಣಕ್ಕೆ ನನಗೆ ತಕ್ಕದ್ದು ಆ ಅರ್ಥವೇ!

ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದೆವು. ಪಿಯಾನೋ ಅಳಿಸಿಹೋಗಿತ್ತು. ಆದಿಯಿಂದ ಅಂತ್ಯದವರೆಗೆ ನನ್ನ ಗೊರಕೆ! ನಡುವೆ ಎರಡು ಕಡೆ ಕುಕ್ಕರ್ ಸಾಥ್ ಕೊಟ್ಟಿತ್ತು.

ಮರುದಿನ ಟೇಪ್ ರೆಕಾರ್ಡರಿನ ಸಮೇತ ನಂಗಲಿಗೆ ಹೋದೆ. ಬಸ್ಸಿನಲ್ಲಿ ಹತ್ತು ಸುಳ್ಳು ಹೊಸೆದುಕೊಂಡಿದ್ದೆ. ಆಸೆಯಿಂದ ಬಾಗಿಲಲ್ಲೇ ನಿಂತಿದ್ದ ಅಮ್ಮನನ್ನು ಕಂಡಾಗ ಒಂದೂ ಬಾಯಿಗೆ ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಸಪ್ಪಗಾಯಿತು. ಮೂರನೆಯ ರಚನೆಯನ್ನು ಮೇಷ್ಟ್ರು ಮದುವೆಯಾದ ಹೊಸದರಲ್ಲಿ ಅವರಿಗೆಂದೇ ಕಟ್ಟಿದ್ದರಂತೆ. "ಪೋನೀಲೇ ನಾಯನಾ, ಹೋಗಲಿ ಬಿಡು" ಎಂದು ಕಾಫಿ ತಂದಿಟ್ಟರು. ಬೈದಿದ್ದರೆ ಕುಡಿಯಬಹುದಿತ್ತು. ನಾಚಿಕೆಯಿಂದ ಲೋಟ ಎತ್ತಲು ಕೈ ಬರಲಿಲ್ಲ.

ಮೇಷ್ಟ್ರು "ಹಾಕು" ಅಂದರು. ಹಾಕಿದೆ. ಕಣ್ಣು ಮುಚ್ಚಿ ನನ್ನ ಗೊರಕೆಯನ್ನು ಶ್ರದ್ಧೆಯಿಂದ ಕೇಳಿದರು. ನಿಲ್ಲಿಸಲು ಹೋದರೆ ಕೈ ತಡೆದರು. ಕೊನೆಗೆ ಕಣ್ಣು ತೆರೆದರು.

"ನನ್ನ ಸಂಗೀತ ಕೇಳ್ತಾ ಎಷ್ಟೋ ಜನ ನಿದ್ದೆ ಹೋಗಿದ್ದಾರೆ ಕಣೋ. ಸಾಕ್ಷಿ ಸಮೇತ ತಂದುಕೊಟ್ಟೋನು ನೀನೊಬ್ಬನೇ!"

ಅಮ್ಮ ಕಣ್ಣೊರೆಸಿಕೊಂಡು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಅಮ್ಮ ಗೂಡಿನಿಂದ ಸನ್ಮಾನದ ಆಹ್ವಾನ ಪತ್ರಿಕೆ ತೆಗೆದು ತೋರಿಸಿದರು. ಸಂಘದವರು ಆಗಲೇ ಅಚ್ಚು ಹಾಕಿಸಿ ಕಳಿಸಿಬಿಟ್ಟಿದ್ದರು! "ಮೇಷ್ಟ್ರ ಅಪರೂಪದ ಪಿಯಾನೋ ರಚನೆಗಳು" ಎಂದಿತ್ತು. ಅದರ ಕೆಳಗೆ, "ಮುಂದಿನ ಪೀಳಿಗೆಗೆ ಉಳಿಸಿಕೊಟ್ಟವರು" ಎಂದು ದಪ್ಪಕ್ಷರಗಳಲ್ಲಿ ನನ್ನ ಹೆಸರು!