ಆಸಾಡಿಗೆ ಮುಂಚಿನ ನಾಲ್ಕು ಬೋಲ್ಟು

ದೇವರು ಕೆಲವರಿಗೆ ಬಿಚ್ಚುವ ಕೈ ಕೊಡುತ್ತಾನೆ, ಕೆಲವರಿಗೆ ಜೋಡಿಸುವ ಕೈ. ಪುಣ್ಯವಂತರಿಗೆ ಒಂದು ಅದು, ಒಂದು ಇದು. ನನಗೆ ಮಾತ್ರ ಎರಡೂ ಬಿಚ್ಚುವ ಕೈಗಳೇ ಬಂದಿವೆ. ನಮ್ಮ ಚಾವಡಿಯ ಗೋಡೆ ಗಡಿಯಾರವನ್ನು ನಾನು ಒಮ್ಮೆ ಬಿಚ್ಚಿ ಒರೆಸಿ ಕೂಡಿಸಿದೆ. ಅಂದಿನಿಂದ ಅದು ಸಮಯ ನೋಡಿ ಹೊಡೆಯುವುದನ್ನು ಬಿಟ್ಟು ಮನಸ್ಸು ಬಂದಾಗ ಹೊಡೆಯುತ್ತದೆ. ಶಾಲೆಯ ಹಾರ್ಮೋನಿಯಂ ಒಂದು ಸ್ವರ ತಪ್ಪುತ್ತಿದೆ ಎಂದಾಗ ಅದನ್ನೂ ಬಿಚ್ಚಿದೆ. ಈಗ ಪ್ರಾರ್ಥನೆಗೆ ನಮ್ಮ ಹುಡುಗರು ಹಾರ್ಮೋನಿಯಂ ಇಲ್ಲದೆಯೇ ಚೆನ್ನಾಗಿ ಹಾಡುತ್ತಾರೆ. ಇಷ್ಟಾದರೂ ತಿರುಪು ಇರುವ ಯಾವುದೇ ವಸ್ತು ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ಹಾಳಾದ ವಸ್ತುವನ್ನು ಬಿಚ್ಚಿ ಕೆಡಿಸಿದರೆ ಲೋಕ ಕ್ಷಮಿಸುತ್ತದೆ. ಓಡುತ್ತಿದ್ದ ಕಾರನ್ನು, ಅದೂ ಹೆಂಡತಿಯನ್ನೂ ಮಗುವನ್ನೂ ಕರೆತರಬೇಕಾದ ವಾರದಲ್ಲಿ ಬಿಚ್ಚಿದವನನ್ನು ಏನೆಂದು ಕರೆಯಬೇಕೋ ನೀವೇ ಹೇಳಬೇಕು.

ಕೋಟದಲ್ಲಿ ಲೆಕ್ಕ ಹೇಳಿಕೊಡುವ ಮಾಸ್ತರನಿಗೆ ಕಾರೆಲ್ಲಿಂದ ಬಂತು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ನನ್ನ ಸೋದರಮಾವ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದವರು. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕೂಪನ್ನು ಬಂತು, ಕೂಪನ್ನಿಗೂ ಬರ ಬಂತು, ಅವರ ಪುಟ್ಟ ವಿಲಾಯಿತಿ ಕಾರು ಹೋಟೆಲಿನ ಹಿತ್ತಲಲ್ಲಿ ಅಕ್ಕಿ ಮೂಟೆಗಳ ಪಕ್ಕ ಕುಳಿತುಬಿಟ್ಟಿತು. ಯುದ್ಧ ಮುಗಿದ ಮೇಲೆ ಮಾವ ಅದನ್ನು ನನಗೆ ದಾಟಿಸಿದರು. ಇಷ್ಟು ವರ್ಷ ಕಡಲ ಗಾಳಿ ಕುಡಿದು ಅದರ ಮೈಯೆಲ್ಲ ತುಕ್ಕು. ಆದರೂ ಓಡುತ್ತಿತ್ತು, ಕೂಗುತ್ತಾ ಓಡುತ್ತಿತ್ತು. ಹೊಗೆ ಹೋಗುವ ಕೊಳವೆ ಎಲ್ಲೋ ತೂತಾಗಿತ್ತು. ನಾನು ಪಕ್ಕದೂರು ತೆಕ್ಕಟ್ಟೆ ಬಿಟ್ಟ ಸದ್ದು ಕೇಳಿ ಕೋಟದಲ್ಲಿ ಅಮ್ಮ ಅನ್ನಕ್ಕೆ ಎಸರಿಡುತ್ತಿದ್ದರು. ನಾನು ಕೈಕಾಲು ತೊಳೆದು ಬರುವುದಕ್ಕೂ ಅನ್ನ ಆಗುವುದಕ್ಕೂ ಸರಿಯಾಗುತ್ತಿತ್ತು. ಆ ಸದ್ದಿನಿಂದ ಯಾರಿಗೂ ತೊಂದರೆ ಇರಲಿಲ್ಲ, ನಮ್ಮ ಊರಿನ ದನಗಳಿಗೂ ಅಭ್ಯಾಸವಾಗಿತ್ತು.

ಹೆಂಡತಿ ಪದ್ಮಾವತಿ ಆಗ ಹೆರಿಗೆಗೆಂದು ತ್ರಾಸಿಯ ತವರಿಗೆ ಹೋಗಿದ್ದಳು. ಮಾಘದ ಚಳಿಯಲ್ಲಿ ಹೆಣ್ಣು ಮಗು ಹುಟ್ಟಿತು. ಹೆಸರಿಡುವ ದಿನ ಹೋಗಿ ನೋಡಿ ಬಂದೆ. ಬೇಸಿಗೆ ರಜೆಯಲ್ಲಿ ಮತ್ತೊಮ್ಮೆ ಹೋದೆ. ಆಗ ಅದು ನನ್ನ ಹೆಬ್ಬೆರಳನ್ನು ಹಿಡಿದುಕೊಂಡು ಬಿಡಲೊಲ್ಲದೆ ಮಲಗಿತ್ತು, ಬಸ್ಸಿಗೆ ಹೊತ್ತಾಗುತ್ತದೆಂದು ನಾನೇ ಒಂದೊಂದಾಗಿ ಅದರ ಬೆರಳು ಬಿಡಿಸಬೇಕಾಯಿತು. ಅದಾದ ಮೇಲೆ ತರಗತಿಯಲ್ಲಿ ಸೀಮೆಸುಣ್ಣ ಹಿಡಿದಾಗಲೆಲ್ಲ ಆ ಹೆಬ್ಬೆರಳು ನನಗೆ ಬೇರೆಯವರದ್ದೆಂಬಂತೆ ಅನಿಸುತ್ತಿತ್ತು. ಈಗ ಅದು ನಗುತ್ತದಂತೆ, ಬೋರಲು ಬೀಳುತ್ತದಂತೆ, ಅಜ್ಜನ ಮೀಸೆ ಎಳೆಯುತ್ತದಂತೆ. ಎಲ್ಲವೂ 'ಅಂತೆ'ಯೇ. ನನ್ನ ಮಗಳು ಬೆಳೆಯುತ್ತಿದ್ದದ್ದು ತ್ರಾಸಿ ಕಡೆಯಿಂದ ಬಂದವರ ಬಾಯಲ್ಲಿ. ಪದ್ದುವಿನ ಮಾತಂತೂ ಹೇಳುವುದೇ ಬೇಡ. ಅವಳಿಲ್ಲದ ಮನೆಯಲ್ಲಿ ಊಟವಿತ್ತು, ಅಮ್ಮ ಇದ್ದರು, ಸಂಜೆಗೆ ದೀಪವೂ ಹತ್ತುತ್ತಿತ್ತು. ಆದರೆ ಶಾಲೆಯಲ್ಲಿ ನಡೆದದ್ದನ್ನು ಹೇಳಿ ನಗಲು ಜನವಿರಲಿಲ್ಲ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಡ್ಮಾಸ್ತರ ಸುದ್ದಿಯನ್ನು ಅರ್ಧ ಹೇಳಿದ ಮೇಲೆ ಒಳಗಿರುವುದು ಬೆಕ್ಕು ಎಂದು ಗೊತ್ತಾಯಿತು.

ಆಸಾಡಿ ತಿಂಗಳು ಹತ್ತಿರ ಬರುತ್ತಿತ್ತು. ನಮ್ಮ ಕಡೆ ಆಸಾಡಿ ಎಂದರೆ ಹೆಣ್ಣುಮಕ್ಕಳು ತವರಿನಲ್ಲಿರುವ ತಿಂಗಳು, ತವರಿಂದ ಯಾರನ್ನೂ ಕಳಿಸುವುದಿಲ್ಲ. ಅದು ಕಳೆದರೆ ಸೋಣೆ, ನಮ್ಮ ಆಡುಮಾತಿನ ಸ್ವಾಣಿ, ಆ ತಿಂಗಳಿಗೆ ಅದರದ್ದೇ ವ್ರತ, ಪೂಜೆ, ಮತ್ತೊಂದು ನೆವ. ನೆರೆಮನೆಯ ಐತಾಳರು ಪುರೋಹಿತರು. ಅವರು ಬೆರಳು ಮಡಿಸಿ ಹೇಳಿದರು:

“ಸಂಕ್ರಮಣದ ಹಿಂದಿನ್ ದಿನ ಬೆಳಿಗ್ಗೆ ಒಳ್ಳೇ ಗಳಿಗೆ ಇತ್ತ್. ಅದ್ ತಪ್ರೆ ಮತ್ತ್ ಆಸಾಡಿ ಕಳೂವರಿಗೆ ಹೆಂಡ್ತಿ ಹೆಸ್ರ್ ಎತ್ತಬೇಡಿ ಮಾಷ್ಟ್ರೆ.”

ನಾನು ತ್ರಾಸಿಗೆ ಹೇಳಿಕಳಿಸಿದೆ, ಅದೇ ದಿನ ನನ್ನ ಕಾರಿನಲ್ಲೇ ಬಂದು ಕರೆದುಕೊಂಡು ಹೋಗುತ್ತೇನೆಂದು. ಬಸ್ಸಿದೆ, ಎತ್ತಿನ ಗಾಡಿಯಿದೆ, ಆದರೂ ಕಾರು. ಜೋಡುದೋಣಿಗೆ ಹಲಗೆ ಹಾಸಿದ ಜಂಗಲ್ಲಿನ ಮೇಲೆ ಕಾರು ನಿಂತು, ಕಾರಿನೊಳಗೆ ಪದ್ದು, ಅವಳ ತೊಡೆಯಲ್ಲಿ ಮಗು, ಕುಂದಾಪುರದ ಹೊಳೆ ಸುತ್ತ ಎಲ್ಲ ಕಡೆ. ಈ ಚಿತ್ರವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಬರೆದಿದ್ದೆನೆಂದರೆ ಅದರಲ್ಲಿ ಪದ್ದುವಿನ ಸೀರೆಯ ಬಣ್ಣವೂ ಗೊತ್ತಾಗಿತ್ತು. ಒಂದು ಮಧ್ಯಾಹ್ನ ಅದೇ ಚಿತ್ರದೊಳಗೆ ಮಗು ಬೆಚ್ಚಿಬಿದ್ದು ಅಳತೊಡಗಿತು. ಕಾರಿನ ಸದ್ದಿಗೆ! ಐದು ತಿಂಗಳ ಕೂಸು, ಅಷ್ಟು ಸದ್ದು ಹೇಗೆ ತಡೆದೀತು? ಅಪ್ಪನ ಮೊದಲ ಸವಾರಿಯಲ್ಲೇ ಹೆದರಿದರೆ ಆಮೇಲೆ ಅಪ್ಪನನ್ನು ಕಂಡರೂ ಹೆದರದೆ? ಪ್ರೀತಿಯಿಂದ ಹುಟ್ಟಿದ ವಿಚಾರ ಎಲ್ಲಿಗೆ ಒಯ್ಯುತ್ತದೆ ನೋಡಿ. ಆ ಕೊಳವೆ ಬಿಚ್ಚಿ, ತೂತಿಗೆ ತಗಡು ಸುತ್ತಿ, ಮತ್ತೆ ಸಿಕ್ಕಿಸಿದರೆ ಆಯಿತು ಎಂದುಕೊಂಡೆ.

ಕೊಳವೆ ಎಂಜಿನ್ನಿಗೆ ಸೇರುವಲ್ಲಿ ನಾಲ್ಕು ಬೋಲ್ಟು. ಮೊದಲನೆಯದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಬಹಳ ಸಲೀಸಾಗಿ ತಿರುಗಿತು. ಇದೇನು ಇಷ್ಟು ಸುಲಭ ಎಂದು ಹಿಗ್ಗಿ ಹೊರಗೆ ತೆಗೆದರೆ ಕೈಯಲ್ಲಿದ್ದದ್ದು ಬೋಲ್ಟಿನ ತಲೆ ಮಾತ್ರ. ಮುಂಡ ಒಳಗೇ ಕುಳಿತಿತ್ತು. ಬೋಲ್ಟು ಮುರಿಯುವಾಗ ದೊಡ್ಡ ಸದ್ದೇನೂ ಆಗುವುದಿಲ್ಲ, ಪಕ್ಕದ ಮನೆಯಲ್ಲಿ ಯಾರೋ ವೀಳ್ಯದೆಲೆ ತೊಟ್ಟು ಮುರಿದಷ್ಟು.

ಆಗ ಬಂದವನು ಬಾಬು. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕಡೆ ಕೆಲಸ, ನನ್ನ ಬಾಲ್ಯದ ಗೆಳೆಯ. ನನ್ನಷ್ಟೇ ಬಿಚ್ಚುವ ಹುಚ್ಚು ಅವನಿಗೂ ಇದ್ದುದರಿಂದ ನಮ್ಮ ಗೆಳೆತನ ಉಳಿದಿತ್ತು. ನಾನು ಉಳಿದ ಬೋಲ್ಟುಗಳಿಗೆ ತೆಂಗಿನೆಣ್ಣೆ ಬಿಡುತ್ತಿದ್ದುದನ್ನು ಕಂಡು ಅವನು ತಲೆ ಚಚ್ಚಿಕೊಂಡ.

“ಹ್ವಾಯ್ ಮಾಷ್ಟ್ರೆ, ತೆಂಗಿನೆಣ್ಣಿ ತಲಿಗ್ ಹಾಕೂದ್. ತುಕ್ಕಿಗೆ ಮೀನೆಣ್ಣಿಯೇ ಆಯ್ಕ್. ನಮ್ ದೋಣಿ ಮೊಳಿ ಎಲ್ಲ ಅದ್ರಂಗೇ ಬಪ್ಪುದ್.”

ಮೀನೆಣ್ಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅಮ್ಮ ಒಳಗಿನಿಂದ ಬಂದರು. “ಅದನ್ನ್ ಈ ಅಂಗ್ಳಕ್ಕೆ ತಂದ್ರೆ ನಾನ್ ಅಣ್ಣನ ಮನಿಗ್ ಹೋತೆ ಕಾಣ್” ಎಂದರು. ಹೆಂಡತಿ ಬರುವ ಮೊದಲು ತಾಯಿ ಹೊರಟರೆ ಊರೇನು ಹೇಳೀತು? ಅಮ್ಮ ಮಧ್ಯಾಹ್ನ ಒರಗಿದ ಹೊತ್ತಿನಲ್ಲಿ ಬಾಬು ಒಂದು ತೆಂಗಿನ ಗೆರಟೆಯಲ್ಲಿ ತಂದ, ನಾನು ಹತ್ತಿ ಅದ್ದಿ ಹಚ್ಚಿದೆ. ಅಮ್ಮನಿಗೆ ನಾವು ಹೇಳಲಿಲ್ಲ. ಹೇಳಿದ್ದು ಬೆಕ್ಕುಗಳು. ಸಂಜೆಯೊಳಗೆ ನಮ್ಮ ಬೆಕ್ಕು, ಐತಾಳರ ಬೆಕ್ಕು, ಯಾರ ಮನೆಯವೆಂದು ಗೊತ್ತಿಲ್ಲದ, ಈ ಹಿಂದೆ ಕಂಡೇ ಇರದ ಬೆಕ್ಕುಗಳು ಕಾರಿನ ಸುತ್ತ ಪಂಕ್ತಿಗೆ ಕುಳಿತಂತೆ ಕುಳಿತವು. ಅಮ್ಮ ಅಣ್ಣನ ಮನೆಗೆ ಹೋಗಲಿಲ್ಲ, ನನ್ನ ಹತ್ತಿರ ಮಾತು ಬಿಟ್ಟರು ಅಷ್ಟೆ.

ಮೀನೆಣ್ಣೆ ಕುಡಿದ ಎರಡನೆಯ ಬೋಲ್ಟು ಮೊದಲನೆಯದಕ್ಕಿಂತ ನಯವಾಗಿ ಮುರಿಯಿತು. ಮೂರನೆಯದು ನಿಜಕ್ಕೂ ಬಿಚ್ಚಿ ಬಂತು, ಆ ಸಂತೋಷದಲ್ಲಿ ನಾಲ್ಕನೆಯದನ್ನು ಜೋರಾಗಿ ಎಳೆದು ಮುರಿದೆ. ಕೊಳವೆಯೇನೋ ಕೈಗೆ ಬಂತು, ತಗಡೂ ಸುತ್ತಿ ಆಯಿತು, ಮತ್ತೆ ಕೂರಿಸಲು ಮಾತ್ರ ತೂತುಗಳಿರಲಿಲ್ಲ, ತೂತುಗಳಲ್ಲಿ ಮುಂಡಗಳಿದ್ದವು. ಹಾಗೆಯೇ ಚಾಲೂ ಮಾಡಿದರೆ ಬೆಂಕಿ ಹೊಗೆ ಎಲ್ಲ ನೇರ ಕಾಲಬುಡಕ್ಕೇ. ಬಾಬು ಮರಕ್ಕೆ ತೂತು ಕೊರೆಯುವ ತನ್ನ ಬೈರಿಗೆ ತಂದ. ಮುಂಡದ ನಡುವೆ ತೂತು ಕೊರೆದು, ಅದಕ್ಕೆ ಚೌಕದ ಮೊಳೆ ಹೊಡೆದು ಹಿಂದಕ್ಕೆ ತಿರುಗಿಸುವುದೆಂದು ನಮ್ಮ ಆಲೋಚನೆ. ಆಲೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ನಾನು ಹಗ್ಗ ಎಳೆದೆ, ಬಾಬು ಒತ್ತಿ ಹಿಡಿದ, ಬೈರಿಗೆಯ ಮೊನೆ ಬೋಲ್ಟಿನೊಳಗೇ ಮುರಿದು ಕುಳಿತುಬಿಟ್ಟಿತು. ಮುರಿದದ್ದರ ಹೊಟ್ಟೆಯಲ್ಲಿ ಇನ್ನೊಂದು ಮುರಿದದ್ದು.

ಮರುದಿನ ಮಾಬುಕಳದ ಹೊಳೆ ದಾಟಿ ಬ್ರಹ್ಮಾವರಕ್ಕೆ ಹೋದೆ. ಅಲ್ಲಿ ಬಸ್ಸು ರಿಪೇರಿ ಮಾಡುವ ಒಬ್ಬಾತನಿದ್ದ. ನನ್ನ ಕತೆಯನ್ನೆಲ್ಲ ಕೇಳಿ, “ಕಾರ್ ಇಲ್ಲಿಗ್ ತನ್ನಿ, ಕಾಂಬ” ಎಂದ.

“ಅದ್ ಬಪ್ಪಂಗಿದ್ರೆ ನಾ ಎಂತಕ್ ಬತ್ತಿದ್ದೆ?”

“ಹಾಂಗಾರೆ ಬಪ್ಪಂಗ್ ಮಾಡ್ಕಂಡ್ ತನ್ನಿ” ಎಂದು ಬಸ್ಸಿನಡಿ ಹೋಗಿಬಿಟ್ಟ.

ಐತಾಳರು ಹೇಳಿದ ದಿನ ಬಂತು. ಒಳ್ಳೆಯ ಗಳಿಗೆಯಲ್ಲಿ ನಾನು ಕಾರಿನ ಕೆಳಗೆ ಮಲಗಿ ಉಳಿಯಿಂದ ಮುಂಡದ ಅಂಚು ಕುಟ್ಟುತ್ತಿದ್ದೆ. ಇನ್ನೊಂದು ಪೆಟ್ಟಿಗೆ ಬರುತ್ತದೆ, ಇನ್ನೊಂದಕ್ಕೆ ಬರುತ್ತದೆ ಎನ್ನುತ್ತಾ ಗಳಿಗೆ ದಾಟಿತು, ಬಿಸಿಲೂ ಏರಿತು. ಅಮ್ಮ ನಾಲ್ಕು ದಿನದ ಮೌನ ಮುರಿದು ಅಂಗಳದಲ್ಲಿ ನಿಂತು ಹೇಳಿದರು: “ಮಾಣಿ, ನಿಂಗ್ ಬೇಕಾದ್ದ್ ಕಾರಾ, ಹೆಂಡ್ತಿಯಾ?” ಉಳಿಯನ್ನು ಅಲ್ಲೇ ಬಿಟ್ಟೆ. ಕಾರಿನಡಿಯಿಂದ ಎದ್ದವನು ಅಂಗಿ ಬದಲಿಸಿ ರಸ್ತೆಗೆ ಓಡಿದೆ. ಗಳಿಗೆ ಹೋದರೂ ದಿನ ಇನ್ನೂ ಉಳಿದಿತ್ತಲ್ಲ.

ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಇದ್ದರೂ ಯಾರೂ ಕೂರಲಿಲ್ಲ. ಎಲ್ಲರ ಕಣ್ಣೂ ಹಿಂದಿನ ಸಾಲಿನ ಮೀನು ಮಾರುವ ಹೆಂಗಸಿನ ಬುಟ್ಟಿಯ ಮೇಲೆ. ಆಕೆ ಸಾಕಷ್ಟು ತಾಳಿಕೊಂಡು ಕೊನೆಗೆ ಬುಟ್ಟಿಯನ್ನು ಬೋರಲು ಮಾಡಿ ತೋರಿಸಿದಳು.

“ಹ್ವಾಯ್, ನನ್ ಬುಟ್ಟಿ ಖಾಲಿ, ಕಾಣಿ. ಈ ವಾಸ್ನಿ ನಂದಲ್ಲ, ಮಾಷ್ಟ್ರದ್. ಎಲ್ಲಿಗ್ ಹೊರ್ಟ್ರಿ ಮಾಷ್ಟ್ರೆ?”

“ಹೆಂಡ್ತಿ ಕರ್ಕಂಡ್ ಬಪ್ಪುಕೆ.”

“ಹೀಂಗೇ ಹೋತ್ರಿಯಾ?” ಎಂದಳು. ಕುಂದಾಪುರದವರೆಗೂ ಬಸ್ಸು ನಕ್ಕಿತು. ನನಗೂ ನಗು ಬಂತು, ಪದ್ದು ಸಿಕ್ಕಿದ ಕೂಡಲೇ ಅವಳಿಗೆ ಇದನ್ನು ಹೇಗೆ ಹೇಳಬೇಕು ಎಂದು ಆಗಲೇ ಮಾತು ಜೋಡಿಸತೊಡಗಿದ್ದೆ.

ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಮಳೆ ಸ್ವಲ್ಪ ಬಿಟ್ಟ ಹೊತ್ತು ನೋಡಿ ದೋಣಿ ಬಿಟ್ಟರು. ನಡುಹೊಳೆಯಲ್ಲಿ ಗಂಗೊಳ್ಳಿ ಕಡೆಯಿಂದ ಬರುವ ದೋಣಿ ನಮಗೆ ಎದುರಾಯಿತು. ಅದರಲ್ಲಿ ಯಾರೋ ಒಂದು ಸಂಸಾರ ಎರಡು ಕೊಡೆಗಳನ್ನು ಗಾಳಿಗೆ ಅಡ್ಡ ಹಿಡಿದು ಕೂತಿತ್ತು. ಕೊಡೆಯ ಹಿಂದೆ ಒಂದು ಮಗು ಅಳುತ್ತಿತ್ತು, ಸಣ್ಣ ದನಿ, ನೀರಿನ ಮೇಲೆ ತೇಲಿಕೊಂಡು ಬಂತು. ಯಾವ ಪುಣ್ಯಾತ್ಮನ ಮಗುವೋ, ಅವನು ಮನೆಯಲ್ಲಿ ದಾರಿ ನೋಡುತ್ತಿರಬೇಕು ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದೋಣಿ ಆಚೆ ದಡ ಮುಟ್ಟುವವರೆಗೂ ನಾನು ಕತ್ತು ತಿರುಗಿಸಿ ಅದನ್ನೇ ನೋಡುತ್ತಿದ್ದೆ. ಆ ಅಳು ಕೇಳಿಸದಾದಾಗ ನನ್ನದೇನೋ ಕಳೆದುಹೋದಂತಾಯಿತು.

ಗಂಗೊಳ್ಳಿಯಿಂದ ತ್ರಾಸಿಗೆ ನಡೆದೇ ಹೋದೆ. ಪದ್ದುವಿನ ತವರಿನ ಮೆಟ್ಟಿಲಲ್ಲಿ ಅತ್ತೆ ನನ್ನನ್ನು ನೋಡಿ ಕೈಯಲ್ಲಿದ್ದ ಮೊರ ಹಾಗೇ ಹಿಡಿದುಕೊಂಡು ನಿಂತರು.

“ಅಯ್ಯೋ ದೇವ್ರೆ! ನೀವ್ ಇಲ್ಲಿಗ್ ಬಂದ್ರಿಯಾ? ಪದ್ದು ಮಗಿನ್ ಕಟ್ಕಂಡ್ ಅಣ್ಣನ ಸಂಗಡ ಅಲ್ಲಿಗೇ ಹೋಯ್ತಲೆ! ಹೊಳ್ಯಂಗೆ ಸಿಕ್ಕಲಿಲ್ಯಾ?”

ನಾನು ಕಾರು ಬಿಚ್ಚಿ ಕೂತ ಸುದ್ದಿ ನನಗಿಂತ ಮೊದಲೇ ಹೊಳೆ ದಾಟಿ ಬಂದಿತ್ತಂತೆ. ಕೇಳಿದ ಪದ್ದು ಒಂದೇ ಮಾತು ಹೇಳಿದಳಂತೆ: “ಅವ್ರ್ ಬಿಚ್ಚೂಕೆ ಸುರು ಮಾಡ್ರೆ ಆಸಾಡಿ ಅಲ್ಲ, ಸ್ವಾಣಿ ಕಳ್ದ್ರೂ ಮುಗೂದಿಲ್ಲ. ನಾನೇ ಹೋತೆ. ಅಲ್ಲ್ ಒಬ್ರೇ ಇರ್ತ್ರ್.” ಇದನ್ನು ಹೇಳುವಾಗ ಅತ್ತೆ ನಕ್ಕರು. ಮನೆಯಲ್ಲಿ ಅಮ್ಮ ಇದ್ದೂ ಒಬ್ಬರೇ ಎಂದಳಲ್ಲ, ನನಗೆ ಆ ಕೊನೆಯ ಮಾತೇ ಸಾಕಾಯಿತು, ಕಂಬ ಹಿಡಿದುಕೊಂಡು ಕೂತೆ.

ತಕ್ಷಣ ಹಿಂದಿರುಗುತ್ತೇನೆಂದು ಎದ್ದರೆ ಗಾಳಿ ಎದ್ದಿತ್ತು, ದೋಣಿ ನಿಲ್ಲಿಸಿದ್ದಾರೆಂದು ದಾರಿಹೋಕರು ಹೇಳಿದರು. ಅತ್ತೆ ಬಿಸಿನೀರು ಕಾಯಿಸಿ, ಕಡಲೆಹಿಟ್ಟು ಕೊಟ್ಟು, ಮಿಂದು ಬರುವವರೆಗೆ ಒಳಗೆ ಬರಬೇಡಿ ಎಂದರು. ಮಿಂದು ಬಂದು ಪದ್ದುವಿನ ಕೋಣೆಯಲ್ಲಿ ಕೂತೆ. ಮಗುವಿಗೆ ಕಟ್ಟಿದ್ದ ಸೀರೆಯ ಜೋಲಿ ಇನ್ನೂ ಜಂತಿಯಿಂದ ತೂಗುತ್ತಿತ್ತು, ಬಿಚ್ಚಲು ಯಾರಿಗೂ ಮನಸ್ಸಾಗಿರಲಿಲ್ಲ. ನನಗೂ ಆಗಲಿಲ್ಲ. ಹಾಲಿನ, ಬಜೆಯ ವಾಸನೆ. ಖಾಲಿ ಜೋಲಿಯನ್ನು ಸುಮ್ಮನೆ ತೂಗುತ್ತಾ ಕೂತೆ, ಎಷ್ಟು ಹೊತ್ತೋ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಸೆರಗಿನಲ್ಲಿ ಒಮ್ಮೆ ಕಣ್ಣೊರೆಸಿಕೊಂಡು, ಕೂಡಲೇ ನಗು ತಂದುಕೊಂಡು ಚಾವಡಿಯ ಕಡೆ ಕೂಗಿದರು: “ಹ್ವಾಯ್, ಕೇಂತಾ? ಆಸಾಡಿಗೆ ಮಗ್ಳನ್ನ್ ಕಳ್ಸಿ ಅಳಿಯನ್ನ್ ಇಟ್ಕಂಡ್ರ್ ಅಂತ್ರ್ ಊರವ್ರ್!”

ಚಾವಡಿಯಲ್ಲಿದ್ದ ಮಾವ, ಪದ್ದುವಿನ ಅಪ್ಪ, ನಗಲಿಲ್ಲ. ಬೆಳಗಾದರೆ ಆಸಾಡಿ, ಅವರು ಶಾಸ್ತ್ರ ಬಿಟ್ಟವರಲ್ಲ. ಕನ್ನಡಕ ಏರಿಸಿ, ಪಂಚಾಂಗ ಬಿಡಿಸಿ, ನನ್ನನ್ನು ಗಂಡನ ಮನೆಗೆ ಕಳಿಸಲು ಒಳ್ಳೆಯ ದಿನ ಹುಡುಕತೊಡಗಿದರು.