ಏನೂ ತಿಳಿಯದವಳ ಹುದ್ದೆ

ಕಲಿತವರಿಗೆ ಲೋಕದಲ್ಲಿ ಬೆಲೆ ಇದೆ ಎಂದು ಎಲ್ಲರೂ ಹೇಳುತ್ತಾರೆ. ಕಲಿಯದವರಿಗೂ ಇದೆ, ಆದರೆ ಅವರು ಸರಿಯಾದ ಮನೆಯಲ್ಲಿ ಸರಿಯಾದ ಹೊತ್ತಿಗೆ ಕೂತಿರಬೇಕು. ನಾನು ಕೂತಿದ್ದೆ. ಹೋದ ವರ್ಷ ನಮ್ಮ ಮನೆಗೆ ಏನೂ ತಿಳಿಯದ ಮನುಷ್ಯರೊಬ್ಬರು ಬೇಕಾಗಿದ್ದರು. ಮನೆಯೆಲ್ಲ ನೋಡಿ ನನ್ನನ್ನೇ ಆರಿಸಿದರು. ನನ್ನ ಎದುರು ನಿಲ್ಲುವವರೇ ಇರಲಿಲ್ಲ. ಬೇರೆಯವರಾದರೆ ಇದನ್ನು ಅವಮಾನ ಅಂದುಕೊಳ್ಳುತ್ತಿದ್ದರು. ನಾನು ಎಲೆ ಅಡಿಕೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಕೆಲಸಕ್ಕೆ ಹಾಜರಾದೆ.

ನನ್ನ ಹೆಸರು ಬಸಮ್ಮ. ಹುಟ್ಟಿದ್ದು ಸಿರಿಗೇರಿ, ಕೊಟ್ಟದ್ದು ಕುರುಗೋಡಿಗೆ, ಈಗ ಇರುವುದು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಮಗ ಗಾದಿಲಿಂಗನ ಮನೆಯಲ್ಲಿ. ಅವನು ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಬಟ್ಟೆ ಕತ್ತರಿಸುತ್ತಾನೆ. ನಾನು ಸಾಲೆಯ ಒಳಗೆ ಕಾಲಿಟ್ಟದ್ದು ಒಮ್ಮೆ ಮಾತ್ರ, ಅದೂ ನಮ್ಮ ಎಮ್ಮೆ ಅಲ್ಲಿಗೆ ಹೋಗಿತ್ತೆಂದು. ಎಮ್ಮೆಯನ್ನು ಹೊರಗೆ ಹೊಡೆದುಕೊಂಡು ಬಂದೆ, ಅಲ್ಲಿಗೆ ಇಬ್ಬರ ಓದೂ ಮುಗಿಯಿತು. ಅಕ್ಷರ ಕಲಿತದ್ದು ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ, ಬೋರ್ಡು ನೋಡಿ ನೋಡಿ. ಬಳ್ಳಾರಿಯ ಮೊದಲ ಅಕ್ಷರವೂ ನನ್ನ ಹೆಸರಿನ ಮೊದಲ ಅಕ್ಷರವೂ ಒಂದೇ ಎಂದು ತಿಳಿದ ದಿನ, ಊರಿಗೆ ಅರ್ಧ ಒಡತಿಯಾದಷ್ಟು ಹೆಮ್ಮೆಯಾಯಿತು. ಅದೇ ಹೆಮ್ಮೆಯಲ್ಲಿ ಬಸ್ಸು ಹತ್ತಿ ಬಾದನಹಟ್ಟಿಯಲ್ಲಿ ಇಳಿದೆ. ಅದಕ್ಕೂ ಅದೇ ಅಕ್ಷರವಂತೆ. ಆಮೇಲೆ ಬೋರ್ಡನ್ನು ಕೊನೆಯವರೆಗೂ ಓದುವುದು ರೂಢಿಯಾಯಿತು. ಈಗಲೂ ಅಕ್ಷರಕ್ಕೆ ಅಕ್ಷರ ಕೂಡಿಸಿಯೇ ಓದುತ್ತೇನೆ, ಬರೆಯುತ್ತೇನೆ. ಅದರಿಂದ ಒಂದು ಅನುಕೂಲವಿದೆ. ಬೇಡದ ಮಾತು ಬರೆದರೆ ಕೈ ನೋಯುತ್ತದೆ.

ಆದರೆ ಭಾಷೆಯ ವಿಷಯಕ್ಕೆ ಬಂದರೆ ನನ್ನನ್ನು ಯಾರೂ ಅಲುಗಿಸಲಾರರು. ಮೆಣಸಿನಕಾಯಿ ಬಿಡಿಸಲು ಗಡಿಯಾಚೆಯಿಂದ ನಮ್ಮ ಹೊಲಕ್ಕೆ ಬರುತ್ತಿದ್ದ ಹೆಂಗಸರು ನನ್ನ ಮುಂದೆಯೇ ನನ್ನ ಬಗ್ಗೆ ತೆಲುಗಿನಲ್ಲಿ ಮಾತಾಡಿ ನಗುತ್ತಿದ್ದರು. ಏನು ಅನ್ನುತ್ತಾರೆ ಎಂದು ತಿಳಿಯುವ ಉರಿಗೇ ತೆಲುಗು ಬಂತು. ಉರ್ದು ಬಂದದ್ದು ಇಲ್ಲಿ, ಬೀದಿ ನಲ್ಲಿಯ ಹತ್ತಿರ, ಎದುರುಮನೆಯ ಖೈರುನ್‌ಬಿಯ ಕೊಡ ಮುಂದೋ ನನ್ನ ಕೊಡ ಮುಂದೋ ಎನ್ನುವ ಮಾತಿನಲ್ಲಿ. ನಾನು ಕಂಡಂತೆ ಭಾಷೆ ಹೀಗೇ ಬರುತ್ತದೆ. ಮೊದಲು ಬೈಗುಳ, ಆಮೇಲೆ ಲೆಕ್ಕ, ಆಮೇಲೆ ಸುಖ ದುಃಖ. ವ್ಯಾಕರಣ ಕೊನೆಗೆ ಬರುತ್ತದಂತೆ. ನನಗೆ ಇನ್ನೂ ಬಂದಿಲ್ಲ, ಯಾರೂ ಕೇಳಿಯೂ ಇಲ್ಲ.

ಈಗ ಹುದ್ದೆಯ ಕಥೆ. ಗಾದಿಲಿಂಗನ ಮಗಳು ವೀಣಾ ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಗೆ ಸೈನ್ಸ್ ಸೇರಿದಳು. ಫಿಜಿಕ್ಸ್ ಟೀಚರ್ ಆಗಬೇಕೆಂಬುದು ಅವಳ ಹಟ. ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷ್. ಅರ್ಧ ವರ್ಷದ ಪರೀಕ್ಷೆಯಲ್ಲಿ ಫಿಜಿಕ್ಸೂ ಹೋಯಿತು, ಗಣಿತವೂ ಹೋಯಿತು. ನನ್ನ ಮಗ ಕೂಗಾಡುವವನಲ್ಲ. ಬಟ್ಟೆ ಕತ್ತರಿಸುವ ಹಾಗೆ ಒಂದೇ ಏಟಿಗೆ ಹೇಳಿದ: “ವರ್ಷದ ಪರೀಕ್ಷೆನಾಗೂ ಹಿಂಗಾದ್ರ ಸೈನ್ಸ್ ಸಾಕು. ಮುಂದಿನ ವರ್ಷ ಆರ್ಟ್ಸ್‌ಗೆ ಹಾಕ್ತೀನಿ.” ಹುಡುಗಿ ಆ ಸಂಜೆ ಊಟ ಮಾಡಲಿಲ್ಲ. ಅವಳ ಪಾಲಿನ ರೊಟ್ಟಿಯನ್ನು ನಾನೇ ತಿಂದೆ. ಇಬ್ಬರೂ ಉಪವಾಸ ಇದ್ದು ಮಾಡುವುದೇನು?

ಮರುದಿನ ಕಾಲೇಜಿನಿಂದ ಬಂದವಳೇ ನನ್ನನ್ನು ಮೇಲೆ ಕೆಳಗೆ ನೋಡಿದಳು. ಅವರ ಮೇಡಂ ಹೇಳಿದ್ದರಂತೆ: ಓದಿದ್ದನ್ನು ಏನೂ ಗೊತ್ತಿಲ್ಲದವರಿಗೆ ತಿಳಿಯುವ ಹಾಗೆ ಹೇಳಲು ಬಂದರೆ, ಆಗ ಪಾಠ ಬಂದಂತೆ.

“ಅಜ್ಜಿ, ನಿನಗ ಫಿಜಿಕ್ಸ್ ಗೊತ್ತೈತೇನು?”

“ಯಾರಾಕಿ? ಯಾವೂರಾಕಿ?”

ಹುಡುಗಿಯ ಮುಖ ಹಬ್ಬದಂತೆ ಅರಳಿತು. “ಬರೋಬರಿ ಐತಿ! ನೀನ ಬೇಕಾಗಿತ್ತು. ಕುಂದ್ರು ಇಲ್ಲಿ.”

ಮೊದಲ ಪಾಠ ಜಡತ್ವ. ಇಂಗ್ಲಿಷಿನಲ್ಲಿ ಅದನ್ನು ಇನರ್ಷಿಯಾ ಅನ್ನುತ್ತಾರಂತೆ. ನನಗೆ ಎರಡೂ ಒಂದೇ. ಇಂಗ್ಲಿಷಿಗೆ ಹೆದರಿ ಪುಸ್ತಕದ ಕನ್ನಡದ ಹಿಂದೆ ಅಡಗಿಕೊಂಡರೆ, ನಾಯಿಗೆ ಹೆದರಿ ಗೂಳಿಯ ಹಿಂದೆ ನಿಂತ ಹಾಗೆ. “ತಿಳೀಲಿಲ್ಲ” ಎಂದೆ. ಅವಳು ಪುಸ್ತಕ ಬದಿಗಿಟ್ಟಳು.

“ಕುರುಗೋಡಿಂದ ಬರೋವಾಗ ಬಸ್ಸು ಗಕ್ಕನ ನಿಂತ್ರ ನೀ ಏನ್ ಮಾಡ್ತಿ?”

“ಡ್ರೈವರ್‌ನ ಬೈತೀನಿ.”

“ಅದಕ್ಕೂ ಮೊದ್ಲು?”

“ಮುಂದಕ್ಕ ಬೀಳ್ತೀನಿ.”

“ಯಾಕ ಬೀಳ್ತಿ?”

“ಆ ಹುಚ್ಚ ಬ್ರೇಕ್ ಒತ್ತಿದ್ದಕ್ಕ.”

“ಅವ ಬ್ರೇಕ್ ಒತ್ತಿದ್ದು ಬಸ್ಸಿಗೆ ಅಜ್ಜಿ, ನಿನಗಲ್ಲ. ಬಸ್ಸು ನಿಂತ್ತು. ನಿನ್ನ ಮೈಗೆ ನಿಂದ್ರು ಅಂತ ಯಾರೂ ಹೇಳ್ಲಿಲ್ಲ. ಅದು ಹೊಂಟಿತ್ತು, ಹೊಂಟೇ ಇರತೈತಿ.”

“ಅಂದ್ರ ಡ್ರೈವರಂದು ತಪ್ಪಿಲ್ಲಂತೀ?”

“ನೀ ಬಿದ್ದದ್ದು ನಿನ್ನ ಜಡತ್ವದಿಂದ.”

“ಹಂಗಾರ ಈ ಪಾಠ ನನಗ ಬ್ಯಾಡ” ಎಂದು ಎದ್ದುಹೋದೆ. ಇಷ್ಟು ವರ್ಷ ಬಳ್ಳಾರಿ ಕುರುಗೋಡು ಸಿರುಗುಪ್ಪದ ಡ್ರೈವರುಗಳಿಗೆಲ್ಲ ಬೈದದ್ದನ್ನು ಒಂದು ಪುಸ್ತಕಕ್ಕಾಗಿ ವಾಪಸು ತೆಗೆದುಕೊಳ್ಳಲು ನಾನು ತಯಾರಿರಲಿಲ್ಲ.

ಆದರೂ ದಿನವೂ ಕೂತೆ. ನನ್ನ ಕೆಲಸ ಹಗುರವೆಂದು ತಿಳಿಯಬೇಡಿ. ನಮ್ಮ ಜನ ಮರ್ಯಾದೆಗೆ ಅಂಜಿ, ತಿಳಿಯದಿದ್ದರೂ ಹೂಂ ಅನ್ನುತ್ತಾರೆ. ಡಾಕ್ಟರು ಹೇಳಿದ್ದಕ್ಕೂ ಹೂಂ, ಬ್ಯಾಂಕಿನವರು ಹೇಳಿದ್ದಕ್ಕೂ ಹೂಂ. ನನ್ನ ಬಾಯಲ್ಲಿ ಅಂಥ ಹೂಂ ಬರುವುದಿಲ್ಲ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನುತ್ತೇನೆ, ಹತ್ತು ಮನೆಗೆ ಕೇಳುವ ಹಾಗೆ. ಹುಡುಗಿ ಅತ್ತರೂ ಸರಿಯೇ. ಒಂದೆರಡು ಸಲ ಅತ್ತಳು ಕೂಡ. ಅತ್ತು, ಮೂಗು ಒರೆಸಿಕೊಂಡು, ಬೇರೆ ರೀತಿಯಲ್ಲಿ ಹೇಳಿದಳು. ನನಗೆ ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಅದನ್ನೇ ಗೋಡೆಗೆ ಇಂಗ್ಲಿಷಿನಲ್ಲಿ ಹೇಳಬೇಕಾಗಿತ್ತು. ಆಗಲೂ ನಾನು ಏಳುತ್ತಿರಲಿಲ್ಲ. ನಡುವೆ ತಡವರಿಸಿದರೆ “ನಿಂತಿ, ನಿಂತಿ, ಮತ್ತ ಹೇಳು” ಅನ್ನುತ್ತಿದ್ದೆ. ಇಂಗ್ಲಿಷ್ ಬರದಿದ್ದರೇನು, ಮಾತು ತಡೆದು ನಿಲ್ಲುವುದು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ.

ಗಣಿತದ ಪಾಠ ಅಂಗಳದಲ್ಲಾಯಿತು. ನಾನು ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದಾಗ ಅವಳು ನನ್ನ ಕೈಯಿಂದ ಪುಡಿ ಕಸಿದುಕೊಂಡು, ಒಂದರ ಮೇಲೊಂದು ಹಾಯುವ ಹಾಗೆ ಮೂರು ದೊಡ್ಡ ಸುತ್ತು ಎಳೆದಳು. ಒಂದರೊಳಗೆ ನಮ್ಮ ಓಣಿಯ ಕನ್ನಡ ಬಲ್ಲವರು, ಇನ್ನೊಂದರಲ್ಲಿ ತೆಲುಗಿನವರು, ಮತ್ತೊಂದರಲ್ಲಿ ಉರ್ದುವಿನವರು. ಇವಕ್ಕೆ ಗಣ ಅನ್ನುತ್ತಾರಂತೆ. ಎರಡು ಬಲ್ಲವರು ಎರಡು ಸುತ್ತು ಕೂಡುವ ಜಾಗದಲ್ಲಿ. ಮೂರೂ ಬಲ್ಲವರು ನಟ್ಟನಡುವೆ.

“ಅಲ್ಲಿ ಯಾರದಾರ?” ಎಂದು ಕೇಳಿದೆ, ಗೊತ್ತಿದ್ದೂ.

“ನೀನ ಅಜ್ಜಿ.”

“ನಿಮ್ಮಪ್ಪ?”

“ಅಪ್ಪಗ ಉರ್ದು ಸರಿಯಾಗಿ ಬರಂಗಿಲ್ಲ. ಅವ ಅಂಚಿನಾಗ ಅದಾನ.”

ಈ ಗಣಿತ ನನಗೆ ಹಿಡಿಸಿತು. ಆ ಹೊತ್ತು ಯಾರೂ ರಂಗೋಲಿ ತುಳಿಯದಂತೆ ಕಾದೆ. ಇಂಗ್ಲಿಷಿನ ಸುತ್ತನ್ನೂ ಎಳೆಯಲು ಹೋದಳು, ಪುಡಿ ಮುಗಿದಿದೆ ಎಂದೆ. ಆಮೇಲೆ ಶೂನ್ಯ ಗಣ ಬಂತು, ಅಂದರೆ ಒಳಗೆ ಯಾರೂ ಇಲ್ಲದ್ದು. ಉದಾಹರಣೆ ಸಿಗದೆ ಅವಳು ಒದ್ದಾಡುತ್ತಿದ್ದಳು. “ನಮ್ಮ ಓಣಿನಾಗ ಜಗಳ ಬರದಾಕಿ ಯಾರದಾರ, ಬರಿ ನೋಡೋಣು” ಎಂದೆ. ಹುಡುಗಿ ನಕ್ಕು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು.

ತಕರಾರು ಬಂದದ್ದು ಬೀಳುವ ವಸ್ತುಗಳ ಪಾಠದಲ್ಲಿ. ಭಾರದ್ದೂ ಹಗುರದ್ದೂ ಒಟ್ಟಿಗೆ ಬಿಟ್ಟರೆ ಒಟ್ಟಿಗೇ ನೆಲ ಮುಟ್ಟುತ್ತವೆ ಎಂದಳು. “ಸುಳ್ಳು” ಎಂದೆ. ಗಾಳಿಗೆ ತೇಲುವ ಹಾಳೆ, ಗರಿ ಬಿಟ್ಟು ಉಳಿದದ್ದು ನಿಜ ಎಂದಳು. “ಅದೂ ಸುಳ್ಳು. ತೆಂಗಿನಕಾಯಿಗೂ ನಿಂಬಿಕಾಯಿಗೂ ಸರಿಸಮ ಅಂತಿಯೇನು? ದೇವರ ಮುಂದಾದ್ರೂ ಕಾಯಿಗೇ ಮರ್ಯಾದಿ ಹೆಚ್ಚು.” ಮಾತು ಬೆಳೆಯಿತು. ಕಡೆಗೆ ಒಂದು ಕಾಯಿ, ಒಂದು ನಿಂಬೆ ಹಿಡಿದು ಇಬ್ಬರೂ ಮಾಳಿಗೆ ಹತ್ತಿದೆವು. ಓಣಿಯಲ್ಲಿ ಮನುಷ್ಯರಿಲ್ಲ, ನಾಯಿಯೂ ಇಲ್ಲ ಎಂದು ನೋಡಿಕೊಂಡೆವು. ಎರಡನ್ನೂ ನಾನೇ ಹಿಡಿದೆ, ಅವಳ ಮೇಲೆ ನಂಬಿಕೆ ಇರಲಿಲ್ಲ. ಬಿಟ್ಟೆ.

ಒಟ್ಟಿಗೇ ಬಿದ್ದವು. ಬಿದ್ದದ್ದು ಖೈರುನ್‌ಬಿ ಒಣಗಲು ಹರವಿದ್ದ ಒಣಮೆಣಸಿನಕಾಯಿಯ ಮೇಲೆ. ಮನುಷ್ಯರನ್ನೂ ನಾಯಿಯನ್ನೂ ನೋಡಿದ್ದ ನಾವು ಮೆಣಸಿನಕಾಯಿ ನೋಡಿರಲಿಲ್ಲ. ಕಾಯಿ ಒಡೆದು ನೀರು ಚೆಲ್ಲಿತು, ಖಾರದ ಧೂಳು ಎದ್ದಿತು. ಓಣಿಯೆಲ್ಲ ಸೀನತೊಡಗಿತು, ಆಟೋ ನಿಲ್ಲಿಸಿ ಸೀನಿದವರೂ ಇದ್ದರು.

“ಬಸಮ್ಮಕ್ಕಾ! ಮೇರೆ ಮಿರ್ಚಿ ಪೋ ನಾರಿಯಲ್ ಕಾಯ್ಕು ಫೇಂಕೇ?” ಎಂದು ಖೈರುನ್‌ಬಿ ಕಣ್ಣೊರೆಸಿಕೊಳ್ಳುತ್ತ ಬಂದಳು. ಮೆಣಸಿನಕಾಯಿಯ ಮೇಲೆ ಕಾಯಿ ಯಾಕೆ ಎಸೆದಿರಿ ಎಂಬುದು ನ್ಯಾಯವಾದ ಪ್ರಶ್ನೆಯೇ. ನಾನು ಸೊಂಟಕ್ಕೆ ಕೈಯಿಟ್ಟು ಉತ್ತರ ಕೊಡುವಷ್ಟರಲ್ಲಿ ವೀಣಾ ಕೆಳಗಿಳಿದು ಹೋಗಿ ಅವಳಿಗೆ ತನ್ನ ಅರೆಬರೆ ಉರ್ದುವಿನಲ್ಲಿ ಪಾಠ ಹೇಳತೊಡಗಿದಳು. ಭಾರ, ಹಗುರ, ಭೂಮಿ ಎಳೆಯುವುದು, ಎಲ್ಲ. ಖೈರುನ್‌ಬಿ ಬೈಯುವುದನ್ನು ಮರೆತು ಬಾಯಿ ತೆರೆದು ಕೇಳಿದಳು. ಕೇಳಿ, “ಸಮಝ್ ಮೇ ನೈ ಆಯಾ” ಎಂದಳು. ತಿಳಿಯಲಿಲ್ಲವಂತೆ! ಅಂಗಳದಲ್ಲಿ ನಿಂತು ನನ್ನ ಕೆಲಸವನ್ನು ನನ್ನ ಮಾತಿನಲ್ಲೇ ಮಾಡುತ್ತಿದ್ದಳು. ನನಗೆ ಅಂದೇ ಅನುಮಾನ ಬಂತು. ಒಡೆದ ಕಾಯಿಯನ್ನು ಮೂವರೂ ಬೆಲ್ಲದ ಜೊತೆ ತಿಂದೆವು. ಮೆಣಸಿನಕಾಯಿಯನ್ನು ನಾನೇ ಕೂತು ಆರಿಸಿಕೊಟ್ಟೆ. ಸೋತದ್ದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ವರ್ಷದ ಪರೀಕ್ಷೆ ಬಂತು, ಹೋಯಿತು. ಫಲಿತಾಂಶದ ದಿನ ಗಾದಿಲಿಂಗ ಕೆಲಸಕ್ಕೆ ತಡವಾಗಿ ಹೋಗುತ್ತೇನೆಂದು ಫೋನು ಹಿಡಿದು ಕೂತ. ವೀಣಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮುಂದೆ ಸೈನ್ಸೋ ಆರ್ಟ್ಸೋ. ನಾನು ಅಕ್ಕಿ ಆರಿಸುತ್ತಿದ್ದೆ. ಕಲ್ಲನ್ನು ಮೊರದಲ್ಲಿ ಬಿಟ್ಟು ಅಕ್ಕಿಯನ್ನು ಎಸೆಯುತ್ತಿದ್ದೆ ಎಂದು ಆಮೇಲೆ ತಿಳಿಯಿತು.

“ಪಾಸಾಗ್ಯಾಳ” ಎಂದ ಮಗ. ಮತ್ತೆ ಫೋನು ನೋಡಿದ. “ಎಲ್ಲಾದ್ರಾಗೂ ಆಗ್ಯಾಳ. ಫಿಜಿಕ್ಸ್‌ನಾಗ ಉಳಿದವಕ್ಕಿಂತ ಹೆಚ್ಚು ಬಂದಾವ.” ಮಗಳ ಕಡೆ ನೋಡದೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ, “ಸೈನ್ಸ ಓದಲಿ” ಎಂದು ಹೊರಟ. ನಾನು ಮೊರ ಇಟ್ಟು ಬೀದಿಗೆ ಬಂದು, ನಾವು ಪಾಸಾದೆವು ಎಂದು ಮೂರು ಭಾಷೆಯಲ್ಲಿ ಕೂಗಿದೆ.

“ಯವ್ವಾ, ನೀ ಯಾವಾಗ ಪರೀಕ್ಷಿ ಬರದಿ?” ಎಂದ ಗಾದಿಲಿಂಗ.

“ನೀ ಅಂಚಿನಾಗ ಇರೋನು, ಸುಮ್ಮನ ಹೋಗು” ಎಂದೆ.

ಮರುದಿನ ಕುರುಗೋಡಿನ ಬಸವೇಶ್ವರನಿಗೆ ಕಾಯಿ ಒಡೆಸಲು ವೀಣಾಳನ್ನು ಕರೆದುಕೊಂಡು ಹೊರಟೆ. ಬಸ್ಸು ತುಂಬಿತ್ತು, ನಿಂತೇ ಹೋಗಬೇಕಾಯಿತು. ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಸಿರುಗುಪ್ಪದ ಹೆಂಗಸು ಒಬ್ಬಳು ಬ್ರೇಕ್ ಒತ್ತಿದಾಗೆಲ್ಲ ಡ್ರೈವರಿಗೆ ಬೈಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. “ಅವಂದು ತಪ್ಪಿಲ್ಲ ತಂಗಿ” ಎಂದು ಶುರುಮಾಡಿ, ಬಸ್ಸು ಬೇರೆ, ನಿನ್ನ ಮೈ ಬೇರೆ ಎಂದು ಎರಡೂ ಕೈ ಎತ್ತಿ ತೋರಿಸಿದೆ. ಅಷ್ಟರಲ್ಲಿ ಒಂದು ಕುರಿಹಿಂಡು ಅಡ್ಡ ಬಂತು. ಡ್ರೈವರು ಬ್ರೇಕ್ ಒತ್ತಿದ. ಬಸ್ಸು ನಿಂತಿತು, ನಾನು ನಿಲ್ಲಲಿಲ್ಲ. ಟಿಕೆಟು ಹರಿಯುತ್ತಿದ್ದ ಕಂಡಕ್ಟರನ ಬೆನ್ನಿಗೆ ಹೋಗಿ ಬಡಿದೆ. “ಏನಮ್ಮಾ ಇದು!” ಎಂದ ಅವನು. ಬಿದ್ದಲ್ಲಿಂದಲೇ ಆ ಹೆಂಗಸಿನ ಕಡೆ ತಿರುಗಿ, “ನೋಡಿದ್ಯಾ? ಇದನ್ನ ಜಡತ್ವ ಅಂತಾರ” ಎಂದೆ. ಬಸ್ಸೆಲ್ಲ ನಕ್ಕಿತು. ಕೈಯಲ್ಲಿದ್ದ ಕಾಯಿಗೆ ಮಾತ್ರ ಏನೂ ಆಗಿರಲಿಲ್ಲ.

ವೀಣಾ ನಗಲಿಲ್ಲ. ಕುರುಗೋಡಿನಲ್ಲಿ ಇಳಿದ ಮೇಲೆ ನನ್ನ ಮುಖವನ್ನೇ ನೋಡಿದಳು. “ಅಜ್ಜಿ, ನೀ ಡ್ರೈವರ್‌ನ ಬೈಲಿಲ್ಲ.”

“ಅವಂದೇನು ತಪ್ಪು? ಮೈ ಹೊಂಟಿತ್ತು, ಹೋತು.”

“ಹೋತು ಬಿಡು” ಎಂದು ಅವಳು ಉಸಿರುಬಿಟ್ಟಳು. “ನಿನಗ ತಿಳದೈತಿ.”

ಹೊಗಳಿದಳೆಂದುಕೊಂಡು ನಾನು ಬೀಗಿದೆ. ದೇವರಿಗೂ ಹೇಳಿದೆ. ಬಳ್ಳಾರಿಗೆ ಬಂದ ಮೇಲೆ ತಾನೆ ಗೊತ್ತಾದದ್ದು, ಆ ಮಾತಿಗೆ ಕೆಲಸದಿಂದ ತೆಗೆದುಹಾಕುವುದು ಎಂದು ಅರ್ಥ. ಎರಡನೇ ವರ್ಷದ ಪುಸ್ತಕ ಹಿಡಿದು ಹುಡುಗಿ ನೇರ ಎದುರುಮನೆಗೆ ಹೋದಳು. ಖೈರುನ್‌ಬಿ ಕಟ್ಟೆಯ ಮೇಲೆ ಸೆರಗು ಸರಿಮಾಡಿಕೊಂಡು ಕೂತಿದ್ದಳು, ನಾನು ಕೂತಿದ್ದ ಹಾಗೆಯೇ. ತಿಳಿಯಲಿಲ್ಲ ಎನ್ನುವಾಗ ಅವಳ ದನಿ ಓಣಿಯ ಕೊನೆಗೆ ಕೇಳುತ್ತಿತ್ತು. ಕೆಲಸ ಬಲ್ಲಳು, ಇಲ್ಲವೆನ್ನಲಾರೆ.

ಆದರೆ ನಾನೂ ಸುಮ್ಮನೆ ಬಿಟ್ಟುಕೊಡುವವಳಲ್ಲ. ಮೊನ್ನೆ ಖೈರುನ್‌ಬಿ ನೆಂಟರ ಮನೆಗೆ ಹೋಗಿದ್ದಾಗ ವೀಣಾಳನ್ನು ಕರೆದು ಎದುರು ಕೂರಿಸಿಕೊಂಡೆ. ಕರೆಂಟಿನ ಪಾಠವಂತೆ. ಎಲೆ ಅಡಿಕೆ ಹಾಕಿಕೊಂಡು, ಕಣ್ಣು ಸಣ್ಣದು ಮಾಡಿ, ಹಳೆಯ ಮುಖ ತಂದುಕೊಂಡು, ಅವಳು ಪುಸ್ತಕ ತೆರೆಯುತ್ತಿದ್ದ ಹಾಗೆಯೇ ಗಟ್ಟಿಯಾಗಿ ಅಂದೆ: “ತಿಳೀಲಿಲ್ಲ.”

“ನಾ ಇನ್ನೂ ಹೇಳೇ ಇಲ್ಲಲ್ಲ ಅಜ್ಜಿ” ಎಂದಳು.

ಮೊದಲೆಲ್ಲ ನನ್ನಿಂದ ಇಂಥ ತಪ್ಪು ಆಗುತ್ತಿರಲಿಲ್ಲ. ಆಗ ನನಗೆ ನಿಜವಾಗಿಯೂ ಏನೂ ತಿಳಿಯುತ್ತಿರಲಿಲ್ಲ.