ಗ್ವಾಡಿ ಮ್ಯಾಲಿನ ಕರೇ ಟೊಪ್ಪಿಗಿ

ಕನ್ಯಾ ಇದ್ದ ಮನಿ ಎದುರು ಕಟ್ಟಿ ಇದ್ದವರಿಗೆ ಬ್ಯಾರೆ ನಾಟಕ ಬೇಕಿಲ್ಲ. ವರ್ಷಕ್ಕೊಂದರ ಏನರ ನಡದ ನಡೀತೈತಿ. ಧಾರವಾಡದಾಗ ನಮ್ಮ ಎದುರು ಮನ್ಯಾಗ ಒಬ್ಬ ಸಾಲಿ ಮಾಸ್ತರರು, ಅವರ ಹೆಂಡತಿ, ಒಬ್ಬಾಕಿ ಮಗಳು ಇದ್ದರು. ಆ ಹುಡುಗಿ ಅಷ್ಟು ಕಲಿತದ್ದು ಕಲೀಬೇಕಂತ ಅಲ್ಲ, ಲಗ್ನ ಕೂಡಲಿಲ್ಲಂತ. ನಾನು ಮೂರನೇತ್ತಾ ಕ್ಲಾಸಿಗೆ ಸಾಲಿ ಬಿಟ್ಟಾಕಿ. ಆದರೂ ಆಕಿ ಡಿಗ್ರಿ ಎಲ್ಲಾ ನನಗ ಬಾಯಿಪಾಠ. ಯಾಕಂದರ ನೋಡಾಕ ಬಂದವರಿಗೆಲ್ಲಾ ಉಪ್ಪಿಟ್ಟು ತಿರುವಿದಾಕಿ ನಾನ.

೧. ಎರಡು ವರ್ಷ ಹೆಚ್ಚಾತು

ತೊಂಬತ್ತರ ಸುಮಾರಿಗೆ ಹುಡುಗಿ ಪಿಯುಸಿ ಮುಗಿಸಿದಳು. ಆಗ ನಮ್ಮ ಓಣಿ ಹೆಣ್ಣುಮಕ್ಕಳಿಗೆ ಪಿಯುಸಿ ಅಂದರ ಕಡೀ ಸ್ಟಾಪು. ಅಲ್ಲೇ ಇಳಿದು ಲಗ್ನದ ಬಸ್ಸು ಹತ್ತೂದು. ತಾರಿಹಾಳದ ಕಾರ್ಖಾನ್ಯಾಗ ಲೇತ್ ಮಷಿನ್ ಮ್ಯಾಲೆ ಇದ್ದ ಹುಡುಗ ನೋಡಾಕ ಬಂದ. ಎಸ್ಸೆಸ್ಸೆಲ್ಸಿ ಪಾಸು. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡ. ಕಣ್ಣು ಮಾತ್ರ ತಾಟಿನ್ಯಾಗ ಇರಲಿಲ್ಲ. ಎಲ್ಲಾ ಕೂಡಿತು ಅನ್ನೂದರಾಗ ಅವರವ್ವ ಬಟ್ಟು ಎಣಿಸಿದಳು.

"ಹುಡುಗಿ ನಮ್ಮ ಹುಡುಗಗಿಂತ ಎರಡು ವರ್ಷ ಹೆಚ್ಚು ಕಲತಾಳ್ರಿ. ನಾಳೆ ಇವನ ಮಾತು ಕೇಳತಾಳೇನು?"

"ಕಲತದ್ದು ಮರೀತಾಳ ಬಿಡ್ರಿ," ಅಂದರು ಮಾಸ್ತರರು. ಮಗ್ಗಿ ಮರೆತ ಹುಡುಗರಿಗೆ ಮೂವತ್ತು ವರ್ಷ ಛಡಿ ಏಟು ಕೊಟ್ಟವರು!

ಬಂದವರು ಎದ್ದು ಹೋದರು. ಹುಡುಗ ಮಾತ್ರ ಓಣಿ ತಿರುವಿನ್ಯಾಗ ಒಮ್ಮೆ ಹೊಳ್ಳಿ ನೋಡಿದ. ಮಾಸ್ತರರ ಹೆಂಡತಿ ಕಣ್ಣು ಒರಸಿಕೊಂಡು ಅಂದಳು, "ಮನ್ಯಾಗ ಖಾಲಿ ಕುಂತರ ಮಂದಿ ಆಡಿಕೋತಾರ. ಲಗ್ನ ಕೂಡೋತನಕಾ ಕಾಲೇಜಿಗರ ಹೋಗಲಿ."

ಹೆಚ್ಚು ಕಲತಾಳಂತ ಬಿಟ್ಟುಹೋದ ಹುಡುಗಿಗೆ ಇನ್ನೂ ಹೆಚ್ಚು ಕಲಿಸೂದು! ಇಂಥಾ ಔಷಧ ನಾ ಯಾವ ದವಾಖಾನ್ಯಾಗೂ ಕಂಡಿಲ್ಲ.

೨. ದೇವರ ಫೋಟೋ

ಔಷಧ ಛಲೋ ಹತ್ತಿತು. ಬಿ.ಎ. ಆತು, ಬಿ.ಎಡ್. ಆತು, ಎಂ.ಎ. ಆತು. ಒಂದೊಂದು ಮುಗಿದಾಗೂ ಸ್ಟುಡಿಯೋಕ್ಕ ಹೋಗಿ ಕರೇ ನಿಲುವಂಗಿ, ಕರೇ ಟೊಪ್ಪಿಗಿ ಹಾಕ್ಕೊಂಡು, ಸುರಳಿ ಹಿಡಕೊಂಡು ಒಂದು ಫೋಟೋ. ಸ್ಟುಡಿಯೋದಾಗ ಇದ್ದದ್ದು ಒಂದ ಟೊಪ್ಪಿಗಿ. ಊರಾಗಿನ ಶಾಣ್ಯಾ ತಲಿಗೆಲ್ಲಾ ಅದ ಎಣ್ಣಿ ಜಿಡ್ಡು. ಮೂರು ಫೋಟೋ ಪಡಸಾಲಿ ಗ್ವಾಡಿ ಮ್ಯಾಲೆ ಸಾಲಾಗಿ ಕುಂತವು.

ಆಗ ಇಲ್ಲೇ ಧಾರವಾಡದ ಹತ್ತರ ಬೇಲೂರು ಕೈಗಾರಿಕಾ ಪ್ರದೇಶದಾಗ ಸ್ಟೋರ್ ನೋಡಿಕೊಳ್ಳೋ ಒಬ್ಬ ಹುಡುಗ ಬಂದ. ಬಿ.ಎ. ಪಾಸು. ಮಾಸ್ತರರ ಹೆಂಡತಿ ಲಗುಬಗೆಯಿಂದ ಎರಡು ಫೋಟೋ ಇಳಿಸಿ ಗಾದಿ ಕೆಳಗ ಹುಗಿಸಿದಳು, ಒಂದ ಬಿ.ಎ. ಉಳಿಸಿದಳು. ಆದರ ಗ್ವಾಡಿಗೆ ಸುಣ್ಣ ಕಂಡು ಯಾವ ಕಾಲ ಆಗಿತ್ತೋ! ಫೋಟೋ ತಗದಲ್ಲೆ ಎರಡು ಬೆಳ್ಳನ್ನ ಚೌಕ, ಎರಡು ಮೊಳಿ.

ಹುಡುಗನ ಕಾಕಾ ಕೇಳಿದ, "ಇಲ್ಲೆ ಏನಿದ್ದವ್ರಿ?"

"ದೇವರ ಫೋಟೋರಿ. ಗಾಜು ಹಾಕಸಾಕ ಕೊಟ್ಟೇವಿ."

ನಾನು ತಾಟು ಹಿಡಕೊಂಡು ಬಂದಾಕಿ ಸುಮ್ಮನಿರಬೇಕಿತ್ತು. ಇರಾಕ ಆಗಲಿಲ್ಲ. "ಅದ್ಯಾವ ದೇವರ ಯವ್ವಾ, ಕರೇ ಟೊಪ್ಪಿಗಿ ಹಾಕ್ಕೊಂಡು ನಿಂತಿರತಾನಲ್ಲಾ, ಅವನೇನು?"

ಕಾಕಾ ಹೊಟ್ಟಿ ಹಿಡಕೊಂಡು ನಕ್ಕ. ಹುಡುಗ ನಗಲಿಲ್ಲ. ಜಾತಕ ಕೂಡಲಿಲ್ಲಂತ ಎಂಟು ದಿನಕ್ಕ ಪತ್ರ ಬಂತು. ಮಾಸ್ತರರ ಹೆಂಡತಿ ಆರು ತಿಂಗಳು ನನ್ನ ಕೂಡ ಮಾತು ಬಿಟ್ಟಳು. ಹುಡುಗಿ ಬಿಡಲಿಲ್ಲ. ಫೋಟೋದ ಗಾಜು ಸೆರಗಿಲೆ ಒರಸಿ ತಿರುಗಿ ಹಾಕಿಕೋತ ನನಗಂದಳು, "ಕಾಕೂ, ಮೊಳಿನೂ ಕೀಳಬೇಕಿತ್ತು ನೋಡ್ರಿ."

೩. ಬರೇ ಎಂ.ಎ. ಏನ್ರಿ?

ಮುಂದಿನ ವರ್ಷ, ಮುಂದಿನ ವರ್ಷ ಅನಕೋತ ಮಾಸ್ತರರು ಹೋಗಿಬಿಟ್ಟರು. ಎರಡು ಸಾವಿರದ ಇಸವಿ ದಾಟಿತು. ಅಷ್ಟರಾಗ ಕಾಲಾನೂ ತಿರುಗಿತ್ತು. ಬೆಳಿಗ್ಗೆ ಹುಬ್ಬಳ್ಳಿ ಬಸ್ಸು ಹತ್ತಿದರ ತುಂಬಾ ಕಾಲೇಜು ಹುಡುಗಿಯರು. ನಮ್ಮಂಥವರಿಗೆ ಸೀಟು ಇಲ್ಲ.

ಹುಬ್ಬಳ್ಳಿಯಿಂದ ಒಬ್ಬ ಲೆಕ್ಚರರು ನೋಡಾಕ ಬಂದ. ಈ ಸಲ ಹುಗಿಸೂದಿಲ್ಲ, ತೋರಸೂದು! ಮೂರೂ ಫೋಟೋ ನಟ್ಟನಡುವ ಬರಲಿ ಅಂತ ಮಾಸ್ತರರ ಮಾಲಿ ಹಾಕಿದ ಫೋಟೋ ಅಡಗಿಮನಿಗೆ ಹೋತು. ಲೆಕ್ಚರರು ಮೂರನ್ನೂ ನೋಡಿದ, ನನ್ನ ಉಪ್ಪಿಟ್ಟು ಬಳಿದು ತಿಂದ, ಕೈ ತೊಳಕೊಂಡು ಬಂದು ಕೇಳಿದ.

"ಬರೇ ಎಂ.ಎ. ಏನ್ರಿ? ಎಂ.ಎ. ಈಗ ಮನಿಗೊಬ್ಬರು ಆಗ್ಯಾರ. ಪಿಎಚ್.ಡಿ. ಮಾಡಿಸ್ರಿ, ಆಮ್ಯಾಲೆ ನೋಡೋಣಂತ."

ಅವ ಹೋದಮ್ಯಾಲೆ ಮಾಸ್ತರರ ಹೆಂಡತಿ ಹೊಸ್ತಿಲದಾಗ ಕುಂತಳು. ನನ್ನ ಕೇಳಿದಳು, "ಅವತ್ತು ಹೆಚ್ಚಾತಂದರು, ಇವತ್ತು ಕಡಿಮಿ ಆತಂತಾರ. ನಡುವ ಸರಿ ಇದ್ದದ್ದು ಯಾವತ್ತು?"

"ಅವತ್ತು ನೀವು ಮನಿಗೆ ಕೀಲಿ ಹಾಕ್ಕೊಂಡು ಎಲ್ಲೋ ಹೋಗಿದ್ರಿ ಕಾಣತೈತಿ," ಅಂದೆ.

೪. ಹತ್ತನೇತ್ತಾ ಅಷ್ಟರಿ

ಹುಡುಗಿ ಪಿಎಚ್.ಡಿ.ನೂ ಮುಗಿಸಿದಳು. ನಾಲ್ಕನೇ ಫೋಟೋದಾಗ ಟೊಪ್ಪಿಗಿ ಕರೇದ ಇತ್ತು, ಕೆಳಗಿನ ಕೂದಲ ಬೆಳ್ಳಗಾಗಿತ್ತು. ಒಂದು ಕಾಲೇಜಿನ್ಯಾಗ ಪಾಠ ಹೇಳತಿದ್ದಳು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅವ್ವಗ ಅರಳು ಮರುಳು. ಮುಂಜಾನೆ ತಿಂದದ್ದು ಮಧ್ಯಾಹ್ನಕ್ಕ ನೆನಪಿಲ್ಲ. "ಮಾಸ್ತರರು ಸಾಲಿಯಿಂದ ಬಂದರೇನು?" ಅಂತ ನನ್ನನ್ನ ಕೇಳತಿದ್ದಳು.

ಒಂದಿನ ಎಸ್ಸೆಸ್ಸೆಲ್ಸಿ ರಿಸಲ್ಟ್ ಆದ ವಾರದಾಗ, ತಲಿ ಬಕ್ಕಾದ ಗಂಡಸೊಬ್ಬ ಮಗಳನ್ನ ಕರಕೊಂಡು ಓಣಿಗೆ ಬಂದ. ಮುಂದ ಯಾವ ಕಾಲೇಜು, ಏನು ಕಲಿಸಬೇಕು ಅಂತ ಒಬ್ಬರು ಮೇಡಮ್ಮರು ಹೇಳತಾರಂತ, ಅವರ ಮನಿ ಎಲ್ಲಿ ಅಂದ. ಎದುರು ಮನಿಗೆ ನಾನ ಕರಕೊಂಡು ಹೋದೆ. ಹೊಸ್ತಿಲಕ್ಕ ಬಂದವ ಗಕ್ಕನ ನಿಂತ. ಮೇಡಮ್ಮೂ ನಿಂತಳು. ತಾರಿಹಾಳದ ಲೇತ್ ಮಷಿನ್ನಿನವ!

ಇಬ್ಬರೂ ಬಾಯಿ ಬಿಡೂದರಾಗ ಮುದುಕಿ ಹೊರಗ ಬಂದಳು. ಸ್ವಂತ ಗಂಡ ಸತ್ತದ್ದು ನೆನಪಿಲ್ಲದಾಕಿಗೆ ಇವನ ಮಾರಿ ನೆನಪಿತ್ತು.

"ಅಯ್ಯ, ಹೊರಗ ಯಾಕ ನಿಂತೀರಿ? ಒಳಗ ಬರ್ರಿ. ನಿಮ್ಮ ತಾಯಿಯವರು ಬರಲಿಲ್ಲೇನ್ರಿ?" ಅಂದಾಕಿನ ಸ್ಟೂಲ್ ಎಳಕೊಂಡು ಹತ್ತಿದಳು. ನಾವು ಹಿಡಿಯೂದರಾಗ ನಾಲ್ಕೂ ಫೋಟೋ ಇಳಿಸಿ ಗಾದಿ ಕೆಳಗ ಹುಗಿಸಿ, ಮಗಳ ಕಡೆ ತಿರುಗಿ ಪಿಸುಗುಟ್ಟಿದಳು, "ಲಗೂ ಹಸರ ಸೀರಿ ಉಟಗೊಂಡ ಬಾ."

ಆಮ್ಯಾಲೆ ಅವಗ ಕೈ ಮುಗಿದಳು. "ಹುಡುಗಿ ಹತ್ತನೇತ್ತಾ ಅಷ್ಟರಿ. ಮುಂದ ಕಲಿಸಿಲ್ಲ. ನಿಮ್ಮಷ್ಟ ಆತು."

ಅವ ನೆಲಾ ನೋಡಿಕೋತ ಅಂದ, "ಅಷ್ಟ ಸಾಕ್ರಿ, ಅವ್ವಾರ."

ಮೇಡಂ ಬಾಗಲ ಕಡೆ ಮಾರಿ ತಿರುವಿದಳು. ಏನೂ ತಿಳಿಯದ ಅವನ ಮಗಳು ಗ್ವಾಡಿ ನೋಡಿ ಕೇಳಿತು, "ಅಪ್ಪಾ, ಇಲ್ಲೆ ನಾಲ್ಕು ಮೊಳಿ ಯಾಕ ಅದಾವು? ಏನಿದ್ದವು?"

ಎಲ್ಲಾರೂ ನನ್ನ ಕಡೆ ನೋಡಿದರು.

"ದೇವರ ಫೋಟೋ ಇದ್ದವವ್ವಾ," ಅಂದೆ. "ಗಾಜು ಹಾಕಸಾಕ ಕೊಟ್ಟಾರ."

ಮುದುಕಿ ಖುಷಿಯಿಂದ ತಲಿ ಅಳ್ಳಾಡಿಸಿದಳು. "ಈಕಿ ಹೇಳಿದ್ಲಂದ್ರ ಖರೇನ ನೋಡ್ರಿ. ಸುಳ್ಳಾಡೋ ಪೈಕಿ ಅಲ್ಲ."